ಮಣಿಕಟ್ಟಿನ ಮೇಲೆ ಎರಡು ಹನಿ

ಮೊನ್ನೆ ತರಗತಿಯಲ್ಲಿ ಹೊಸ ಡಬ್ಬಿಯೊಂದರ ಮುಚ್ಚಳ ತೆಗೆದೆ. ಗುಲಾಬಿ ಬಣ್ಣದ ಪುಡಿ ಒಂದಿಷ್ಟು ಹೊಗೆಯಂತೆ ಎದ್ದು ಮೂಗಿಗೆ ಬಂತು. ಪೆಪ್ಪರ್‌ಮೆಂಟನ್ನು ಆಗ ತಾನೇ ಸುಣ್ಣ ಹೊಡೆದ ಗೋಡೆಗೆ ತಿಕ್ಕಿದರೆ ಎಂಥ ವಾಸನೆ ಬರಬಹುದೋ, ಅಂಥದ್ದು. ಹಲ್ಲಿನ ಅಚ್ಚು ತೆಗೆಯುವ ಪುಡಿ ಅದು. ಪುಸ್ತಕದಲ್ಲಿ ಆಲ್ಜಿನೇಟ್ ಎಂಬ ಗಂಭೀರ ಹೆಸರಿದೆ. ನೀರು ಹಾಕಿ ಕಲಸಿ, ದವಡೆಯಾಕಾರದ ಪುಟ್ಟ ಟ್ರೇಗೆ ತುಂಬಿ, ಬಾಯೊಳಗೆ ಒತ್ತಿ ಹಿಡಿದರೆ ಎರಡು ನಿಮಿಷದಲ್ಲಿ ರಬ್ಬರಿನಂತೆ ಗಟ್ಟಿಯಾಗುತ್ತದೆ. ಮನುಷ್ಯ ಜೀವಮಾನವಿಡೀ ಇಟ್ಟುಕೊಂಡು ಓಡಾಡಿದರೂ ಸರಿಯಾಗಿ ನೋಡಿರದ ತನ್ನದೇ ದವಡೆ ಅದರಲ್ಲಿ ಅಚ್ಚಾಗಿ ಹೊರಗೆ ಬರುತ್ತದೆ.

ಎದುರಿಗೆ ಹದಿನಾಲ್ಕು ಜನ ನಿಂತಿದ್ದರು. ಆರು ತಿಂಗಳಲ್ಲಿ ಪ್ರಮಾಣಪತ್ರ ಪಡೆದ ದಂತ ಸಹಾಯಕರಾಗಿ ಲೋಕಕ್ಕೆ ಕಾಲಿಡಬೇಕಾದವರು. ನಾನು ರಬ್ಬರ್ ಬಟ್ಟಲು ಕೈಗೆತ್ತಿಕೊಂಡು, ಜಗ್ಗಿನ ನೀರನ್ನು ಎರಡು ಹನಿ ನನ್ನ ಮಣಿಕಟ್ಟಿನ ಒಳಮೈಗೆ ಬಿಟ್ಟುಕೊಂಡೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ತಕ್ಷಣ ಕೈಯೆತ್ತಿದಳು.

"ಸರ್, ಈ ಸ್ಟೆಪ್ ಬುಕ್ಕಲ್ಲಿ ಇಲ್ವಲ್ಲ?"

ಇಲ್ಲ. ಬುಕ್ಕಲ್ಲಿ ಇಲ್ಲ. ಉತ್ತರ ಹೇಳಬೇಕಾದವನು ಕೆಮ್ಮಿದೆ, ಕೆಮ್ಮಿನ ಅಪರಾಧವನ್ನು ಪುಡಿಯ ಮೇಲೆ ಹೊರಿಸಿದೆ. ಆ ಹೆಜ್ಜೆಯನ್ನು ನನಗೆ ಕಲಿಸಿದ ಹೆಂಗಸಿನ ನೆನಪಾಯಿತು ಅಂತ ಹೇಳಿದರೆ ಅದನ್ನೂ ನೋಟ್ಸಿನಲ್ಲಿ ಬರೆದುಕೊಳ್ಳುವ ಮಕ್ಕಳು ಅವರು.

ನಾನು ಈ ವಿದ್ಯೆಗೆ ಬಂದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಸಾಕಷ್ಟು ಅವಮಾನಿತನಾದ ಮೇಲೆ. ಅದಕ್ಕೂ ಮೊದಲು ಯಲಹಂಕದ ಹಳೇ ಪೇಟೆಯಲ್ಲಿ ಇಪ್ಪತ್ತು ವರ್ಷ ಫೋಟೋ ಸ್ಟುಡಿಯೋ ಇಟ್ಟಿದ್ದೆ. ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಎಷ್ಟೋ ಮದುವೆಗಳನ್ನು ತೊಳೆದು ಒಣಗಿಸಿದ್ದೆ. ಫೋಟೋ ತೊಳೆಯುವ ದ್ರಾವಣ ಒಂದೆರಡು ಡಿಗ್ರಿ ಬಿಸಿಯಾದರೂ ಮದುಮಗಳು ಕಪ್ಪಿಡುತ್ತಾಳೆ. ಅದಕ್ಕೇ ಬೇಸಿಗೆಯಲ್ಲಿ ಪಕ್ಕದ ಜ್ಯೂಸ್ ಅಂಗಡಿಯಿಂದ ಐಸ್ ತರಿಸಿ, ಥರ್ಮಾಮೀಟರ್ ಅದ್ದಿ ನೋಡಿಯೇ ಕೆಲಸ ಶುರುಮಾಡುತ್ತಿದ್ದೆ. ಈ ಐಸಿನ ವಿಷಯವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ಆಮೇಲೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂತು. ಸ್ಟುಡಿಯೋ ಮುಚ್ಚಿ ಮನೆಯಲ್ಲಿ ಕೂತವನಿಗೆ ಯಲಹಂಕ ಉಪನಗರದ ಒಂದು ತರಬೇತಿ ಸಂಸ್ಥೆಯ ಕರಪತ್ರ ಕೈಗೆ ಸಿಕ್ಕಿತು. ಮೂರು ತಿಂಗಳು ಪಾಠ, ಮೂರು ತಿಂಗಳು ಯಾವುದಾದರೂ ಕ್ಲಿನಿಕ್ಕಿನಲ್ಲಿ ಕೈಕೆಲಸ, ಕೊನೆಗೆ ಪರೀಕ್ಷೆ ಮತ್ತು ಪ್ರಮಾಣಪತ್ರ. ಸೇರಿದೆ. ತರಗತಿಯಲ್ಲಿ ಮೀಸೆ ಇದ್ದದ್ದು ನನಗೊಬ್ಬನಿಗೆ. ಪ್ಲಾಸ್ಟರಿನ ದವಡೆಗಳ ಮೇಲೆ ಮೂರು ತಿಂಗಳು ಅಭ್ಯಾಸ ಮಾಡಿದೆವು. ಅವು ವಾಂತಿ ಮಾಡುವುದಿಲ್ಲ, ಕಚ್ಚುವುದಿಲ್ಲ, ಅಮ್ಮನನ್ನು ಕರೆಯುವುದಿಲ್ಲ. ಅವುಗಳಂಥ ರೋಗಿಗಳನ್ನು ನಾನು ಮುಂದೆ ಎಲ್ಲೂ ಕಾಣಲಿಲ್ಲ.

ಕೈಕೆಲಸಕ್ಕೆ ನನ್ನನ್ನು ಹಾಕಿದ್ದು ಕೊಡಿಗೇಹಳ್ಳಿಯ ಒಂದು ಕ್ಲಿನಿಕ್ಕಿಗೆ. ಕೆಳಗೆ ಪೈಪು, ನಲ್ಲಿ ಮಾರುವ ಹಾರ್ಡ್‌ವೇರ್ ಅಂಗಡಿ, ಮೇಲೆ ಹಲ್ಲಿನ ಡಾಕ್ಟರು. ಎರಡೂ ಕಡೆ ಸೋರುವುದನ್ನೇ ರಿಪೇರಿ ಮಾಡುತ್ತಿದ್ದರು. ಡಾಕ್ಟರಿಗೆ ಆಗಲೇ ವಯಸ್ಸಾಗಿತ್ತು, ಮಾತು ಕಡಿಮೆ. ಮೊದಲ ದಿನ, ದಿನದಿನದ ಕಲಿಕೆ ಬರೆಯಬೇಕಾದ ನನ್ನ ದಾಖಲೆ ಪುಸ್ತಕವನ್ನು ತಿರುವಿ ನೋಡಿ, ಒಳಗೆ ಕೈತೋರಿಸಿ, "ಅವ್ರ ಹತ್ರ ಕಲೀರಿ" ಅಂದರು.

ಒಳಗೆ ಇದ್ದವರು ಸಿಸ್ಟರಮ್ಮ. ಊರಿನವರೆಲ್ಲ ಕರೆಯುತ್ತಿದ್ದದ್ದು ಹಾಗೆಯೇ. ಐವತ್ತರ ಆಸುಪಾಸು, ನೈಲಾನ್ ಸೀರೆಯ ಮೇಲೆ ತೋಳು ಮಡಿಸಿದ ಬಿಳಿ ಕೋಟು, ಅದರ ಕಾಲರಿನಲ್ಲಿ ಯಾವಾಗಲೂ ನಾಲ್ಕೈದು ಸೇಫ್ಟಿ ಪಿನ್ನುಗಳು. ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ. ಕ್ಲಿನಿಕ್ಕು ಶುರುವಾದ ವರ್ಷ ಕಸ ಗುಡಿಸಲು ಬಂದವರು. ಒಂದು ದಿನ ಡಾಕ್ಟರಿಗೆ ಹಿಡಿದುಕೊಳ್ಳಲು ಇನ್ನೊಂದು ಕೈ ಬೇಕಾಯಿತು. ಪೊರಕೆ ಗೋಡೆಗೆ ಒರಗಿಸಿ, ಕೈ ತೊಳೆದುಕೊಂಡು ಚೇರಿನ ಪಕ್ಕ ಬಂದು ನಿಂತರು. ಆಮೇಲೆ ಇಪ್ಪತ್ತೆರಡು ವರ್ಷ ಆ ಜಾಗ ಬಿಟ್ಟು ಕದಲಲಿಲ್ಲ.

ಅವರು ಕೆಲಸ ಮಾಡುವುದನ್ನು ನೋಡಬೇಕಿತ್ತು... ಡಾಕ್ಟರು ರೋಗಿಯ ಬಾಯಿಂದ ಕಣ್ಣು ತೆಗೆಯದೆ ಅಂಗೈ ಚಾಚುತ್ತಿದ್ದರು, ಅಷ್ಟೆ. ಬೇಕಾದ ಉಪಕರಣ ಬೇಕಾದ ದಿಕ್ಕಿಗೆ ತಿರುಗಿ ಅಲ್ಲಿ ಬಂದು ಕೂತಿರುತ್ತಿತ್ತು. ಒಂದು ಬೆಳಗ್ಗೆಯೆಲ್ಲ ಅವರಿಬ್ಬರ ನಡುವೆ ಒಂದು ಮಾತೂ ಆಗದೆ ಆರು ಹಲ್ಲು ಕಿತ್ತದ್ದನ್ನು ನೋಡಿದ್ದೇನೆ. ರೋಗಿ ಹೆದರಿ ಅತ್ತರೆ ಎರಡು ಬೆರಳಲ್ಲಿ ಗದ್ದ ಹಿಡಿದು, "ಕಣ್ ಮುಚ್ಕೊಳಿ, ಬಾಯ್ ಮುಚ್ಬೇಡಿ" ಅನ್ನುತ್ತಿದ್ದರು. ಇದಕ್ಕಿಂತ ಪರಿಣಾಮಕಾರಿಯಾದ ಅರಿವಳಿಕೆಯ ಬಗ್ಗೆ ನಮ್ಮ ಪುಸ್ತಕದಲ್ಲಿ ಬರೆದಿರಲಿಲ್ಲ.

ನಾನು ಎಲ್ಲವನ್ನೂ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ನೋಡಿ ಎರಡನೇ ದಿನವೇ "ಮೇಷ್ಟ್ರೇ" ಅಂತ ಕರೆಯಲು ಶುರುಮಾಡಿದರು. ಅಚ್ಚಿನ ಪುಡಿ ಕಲಸುವುದನ್ನು ಕಲಿಸಿದ್ದು ಮೂರನೇ ದಿನ. ನಾನು ಪುಸ್ತಕದಲ್ಲಿದ್ದ ಹಾಗೆ ಅಳತೆ ಮಾಡಿ, ಅದಕ್ಕೆಂದೇ ಇರುವ ಮೊಂಡು ಚಾಕು ಹಿಡಿದು ಕಲಸಿದೆ. ಮೊಸರನ್ನದಂಥದ್ದೇನೋ ಆಯಿತು.

"ಮೇಷ್ಟ್ರೇ, ಮುದ್ದೆ ತಿರುವಿದ್ದೀರಾ?"

"ತಿಂದಿದ್ದೀನಿ."

"ಅದ್ ಗೊತ್ತಾಯ್ತದೆ. ಅಂಗಲ್ಲ, ಇಂಗೆ. ಬಟ್ಲು ಗೋಡೆಗೆ ಒತ್ತಿ ಒತ್ತಿ ತಿರುವ್ಬೇಕು. ಗಂಟು ಇರ್ಕೂಡ್ದು."

ಬಟ್ಟಲನ್ನು ಎಡ ಅಂಗೈಯಲ್ಲಿ ತಿರುಗಿಸುತ್ತ, ಬಲಗೈ ಚಾಕುವಿನಿಂದ ಪುಡಿಯನ್ನು ಬಟ್ಟಲಿನ ಗೋಡೆಗೆ ಅರೆದರು. ಮುಕ್ಕಾಲು ನಿಮಿಷದಲ್ಲಿ ಬೆಣ್ಣೆ. ಆದರೆ ಅವರು ಎಲ್ಲಕ್ಕಿಂತ ಮೊದಲು ಮಾಡಿದ್ದು ಬೇರೆ. ಕ್ಲಿನಿಕ್ಕಿನ ಹಿಂಬದಿಯಲ್ಲಿ ಒಂದು ಮಣ್ಣಿನ ಮಡಕೆ ಇಟ್ಟಿದ್ದರು. ಅದರ ನೀರನ್ನು ನಲ್ಲಿ ನೀರಿಗೆ ಬೆರೆಸಿ, ಎರಡು ಹನಿ ಮಣಿಕಟ್ಟಿಗೆ ಬಿಟ್ಟುಕೊಂಡು, ಒಂದು ಕ್ಷಣ ಕಣ್ಣು ಸಣ್ಣ ಮಾಡಿ, ಆಮೇಲೆ ಪುಡಿ. ನೀರು ಬೆಚ್ಚಗಿದ್ದರೆ ಬಾಯಿಗೆ ಹೋಗುವ ಮೊದಲೇ ಅದು ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ನೀರು ತೀರ ತಣ್ಣಗಿದ್ದರೆ ಗಟ್ಟಿಯಾಗುವಷ್ಟರಲ್ಲಿ ರೋಗಿ ಓಕರಿಸುತ್ತಾನೆ. ಅದಕ್ಕೆ ಕಾಲಕ್ಕೆ ತಕ್ಕಂತೆ ಮಡಕೆ, ಕಾಲಕ್ಕೆ ತಕ್ಕಂತೆ ನಲ್ಲಿ. ಅಳತೆಗೋಲು ಮಣಿಕಟ್ಟು.

ಸಂಜೆ ಅವರೇ ನನ್ನ ದಾಖಲೆ ಪುಸ್ತಕ ತೆಗೆದುಕೊಂಡು ಹೋಗಿ ಡಾಕ್ಟರ ಮುಂದೆ ಆ ದಿನದ ಪುಟ ಬಿಚ್ಚಿ ಹಿಡಿಯುತ್ತಿದ್ದರು. 'ಕಲಿಸಿದ ಅರ್ಹ ವ್ಯಕ್ತಿಯ ಸಹಿ' ಎಂಬ ಜಾಗದಲ್ಲಿ ಡಾಕ್ಟರು ಗೀಚುತ್ತಿದ್ದರು. ಕಲಿಸಿದ ವ್ಯಕ್ತಿ ಪುಟ ಹಾರದಂತೆ ಬೆರಳು ಒತ್ತಿಕೊಂಡು ನಿಂತಿರುತ್ತಿದ್ದರು. ತೊಂಬತ್ತು ಸಲ ಹಾಗೆ ನಡೆದಿರಬೇಕು. ನಮಗ್ಯಾರಿಗೂ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ.

ನಾನು ಪರೀಕ್ಷೆ ಪಾಸಾದೆ. ಪ್ರಮಾಣಪತ್ರವನ್ನು ಫ್ರೇಮು ಹಾಕಿಸಿ ಮನೆಯ ಗೋಡೆಗೆ ನೇತುಹಾಕಿದೆ. ನಾನೇ ಎಷ್ಟೋ ಜನರ ಫೋಟೋಗಳಿಗೆ ಫ್ರೇಮು ಹಾಕಿಸಿಕೊಟ್ಟವನಾದ್ದರಿಂದ ಕೋನ ಸರಿಯಾಗಿಯೇ ಬಂತು. ಅದೇ ಕ್ಲಿನಿಕ್ಕಿನಲ್ಲಿ ಸಿಸ್ಟರಮ್ಮನ ಕೈಕೆಳಗೆ ಕೆಲಸಕ್ಕೆ ನಿಂತೆ. ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಡಾಕ್ಟರಿಗೆ ಕೈ ನಡುಕ ಬಂತು. ಊರೂರಿಗೆ ಶಾಖೆಗಳಿರುವ ಒಂದು ಕಂಪನಿಗೆ ಕ್ಲಿನಿಕ್ಕು ಕೊಟ್ಟು ಮನೆ ಸೇರಿದರು. ಕಂಪನಿಯಿಂದ ಪತ್ರ ಬಂತು. ಈಗಿರುವ ಇಬ್ಬರನ್ನೂ ಮುಂದುವರಿಸಲಾಗುವುದು, ಆದರೆ ಪ್ರಮಾಣಪತ್ರ ಇಲ್ಲದ ಯಾರೂ ತಿಂಗಳ ಕೊನೆಯ ನಂತರ ಚೇರಿನ ಪಕ್ಕ ನಿಲ್ಲುವಂತಿಲ್ಲ.

ಪತ್ರವನ್ನು ನಾನೇ ಓದಿ ಹೇಳಿದೆ. ಸಿಸ್ಟರಮ್ಮ ಉಪಕರಣಗಳನ್ನು ಒರೆಸುತ್ತಿದ್ದವರು ಒರೆಸುವುದನ್ನು ನಿಲ್ಲಿಸಲಿಲ್ಲ.

"ಮತ್ತೆ ನಾನು ಎಲ್ಲಿ ನಿಂತ್ಕೊಬೇಕಂತೆ?"

ಪತ್ರದಲ್ಲಿ ಅದು ಬರೆದಿರಲಿಲ್ಲ.

ದಾರಿಯೊಂದು ಇತ್ತು. ಅನುಭವ ಇದ್ದವರು ತರಗತಿಗೆ ಹೋಗದೆ ನೇರವಾಗಿ ಪರೀಕ್ಷೆಗೆ ಕೂರಬಹುದು ಎಂಬ ನಿಯಮ ನಮ್ಮ ಸಂಸ್ಥೆಯಲ್ಲೇ ಇತ್ತು. ಅವರ ಹೆಸರು ಬರೆಸಿದೆ. ಮಧ್ಯಾಹ್ನ ಕ್ಲಿನಿಕ್ಕಿಗೆ ಬಾಗಿಲು ಹಾಕಿದ ಮೇಲೆ ಎರಡು ವಾರ ನಾನು ಅವರಿಗೆ ಪಾಠ ಹೇಳಿದೆ. ನನ್ನ ಇಡೀ ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಇನ್ನೇನನ್ನೂ ಹಾಳುಮಾಡಿಲ್ಲ.

ಇಂಗ್ಲಿಷ್ ಪುಸ್ತಕವನ್ನು ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅಚ್ಚಿನ ಪುಡಿ ಕಲಸುವುದಕ್ಕೆ ಹದಿನೇಳು ಹೆಜ್ಜೆಗಳು. ಇಪ್ಪತ್ತೆರಡು ವರ್ಷ ನಾಲ್ಕೇ ಹೆಜ್ಜೆಯಲ್ಲಿ ಮುಗಿಸಿದ ಕೆಲಸವನ್ನು ಅವರು ಹದಿನೇಳಾಗಿ ಒಡೆದು ಬಾಯಿಪಾಠ ಮಾಡಿದರು, ಎಂಟನೇ ಹೆಜ್ಜೆಯಲ್ಲಿ ತಡವರಿಸುತ್ತ, ಮತ್ತೆ ಮೊದಲಿನಿಂದ ಶುರುಮಾಡುತ್ತ. ಐದನೇ ಹೆಜ್ಜೆ ನೀರು. ಅಳತೆ ಲೋಟದ ಗೆರೆಯವರೆಗೆ, ಕೋಣೆಯ ತಾಪಮಾನದ ನೀರು.

"ಯಾವ ರೂಮು ಮೇಷ್ಟ್ರೇ? ದೇವರ ಮನೆನಾ, ಮೇಲ್ಗಡೆ ಶೀಟಿನ ರೂಮಾ?"

ನಕ್ಕೆ. ಪುಸ್ತಕ ಹಾಗೆಲ್ಲ ಕೇಳುವುದಿಲ್ಲ ಅಂದೆ. ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇಷ್ಟು ಡಿಗ್ರಿ ಇರಬೇಕು ಅಂತಲೂ ಇತ್ತು. ಆದರೆ ನಮ್ಮ ಸಂಸ್ಥೆಯಲ್ಲಿ ಥರ್ಮಾಮೀಟರ್ ಇರಲಿಲ್ಲವಾದ್ದರಿಂದ ಆ ಸಾಲನ್ನು ನಮಗೆ ಪಾಠ ಮಾಡಿರಲಿಲ್ಲ, ಪಾಠ ಮಾಡದ್ದರಿಂದ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಪ್ಪತ್ತು ವರ್ಷ ದ್ರಾವಣಕ್ಕೆ ಐಸು ಹಾಕಿದ ನನಗೆ!

"ಮಡಕೆ ನೀರು ಒಂದ್ ಬಾಟ್ಲಲ್ಲಿ ತಗೊಂಡ್ ಬರ್ಲಾ?" ಅಂತ ಕೇಳಿದರು.

"ಬೇಡ್ವೇ ಬೇಡ ಸಿಸ್ಟರಮ್ಮ. ಅವರು ಕೊಟ್ಟ ನೀರು, ಅವರು ಕೊಟ್ಟ ಅಳತೆ. ಪರೀಕ್ಷೇಲಿ ಸ್ವಂತ ಬುದ್ಧಿ ಉಪಯೋಗಿಸ್ಬಾರ್ದು."

ಈ ಮಾತನ್ನು ನಾನೇ ಹೇಳಿದೆ. ಇದೇ ಪದಗಳಲ್ಲಿ.

ಪರೀಕ್ಷೆ ಏಪ್ರಿಲ್ ತಿಂಗಳಲ್ಲಿ, ಸಂಸ್ಥೆಯ ಮೂರನೇ ಮಹಡಿಯಲ್ಲಿ. ಮೇಲೆ ಶೀಟು. ಶೀಟಿನ ಪಕ್ಕದಲ್ಲೇ ಬಿಸಿಲಿಗೆ ಮೈಯೊಡ್ಡಿದ ಕಪ್ಪು ಸಿಂಟೆಕ್ಸ್ ಟ್ಯಾಂಕು. ಅಭ್ಯರ್ಥಿಗಳು ತಮ್ಮ ತಮ್ಮ ರೋಗಿಯನ್ನು ತಾವೇ ಕರೆತರಬೇಕು ಎನ್ನುವುದು ಹಲ್ಲಿನ ಪರೀಕ್ಷೆಗಳ ಪದ್ಧತಿ. ಸಿಸ್ಟರಮ್ಮ ನನ್ನನ್ನು ಕರೆದುಕೊಂಡು ಹೋದರು. ಕುತ್ತಿಗೆಗೆ ಹಸಿರು ಬಟ್ಟೆ ಕಟ್ಟಿಸಿಕೊಂಡು ಚೇರಿನಲ್ಲಿ ಒರಗಿ, ಬಾಯಿ ತೆರೆದುಕೊಂಡು, ಲೋಕಕಲ್ಯಾಣಕ್ಕೆ ದೇಹ ಅರ್ಪಿಸಿದವನಂತೆ ಮಲಗಿದೆ. ಅಭ್ಯರ್ಥಿ ಕಲಸಿ ಟ್ರೇಗೆ ತುಂಬಿ ಕೊಡಬೇಕು, ಪರೀಕ್ಷಕರು ಅದನ್ನು ರೋಗಿಯ ಬಾಯಿಗೆ ಇಡಬೇಕು. ರೋಗಿ ಮಾತಾಡುವಂತಿಲ್ಲ.

ಸಿಸ್ಟರಮ್ಮ ಕೈ ತೊಳೆದರು. ಗ್ಲೌಸ್ ಹಾಕಿದರು. ನನಗೆ ನಮಸ್ಕಾರ ಹೇಳಿ, ತಮ್ಮ ಹೆಸರು ಹೇಳಿ, ಏನು ಮಾಡಲಿದ್ದೇವೆ ಅಂತ ವಿವರಿಸಿದರು. ಅದು ಮೂರನೇ ಹೆಜ್ಜೆ. ಒಂದೂವರೆ ವರ್ಷದ ಪರಿಚಯದಲ್ಲಿ ಅವರು ತಮ್ಮ ಹೆಸರನ್ನು ತಾವೇ ಹೇಳಿದ್ದನ್ನು ಕೇಳಿದ್ದು ಅದೊಂದೇ ಸಲ... ಪುಡಿ ಅಳೆದರು. ಲೋಟದ ಗೆರೆಯವರೆಗೆ ನಲ್ಲಿ ನೀರು ಹಿಡಿದರು.

ಆಗ ಅಭ್ಯಾಸ ಬಲದಿಂದ ಅವರ ಕೈ ತಾನಾಗಿಯೇ ಎದ್ದಿತು. ಗ್ಲೌಸಿನ ಅಂಚು ಸರಿಸಿ ಎರಡು ಹನಿ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡರು. ನಿಂತರು. ನನ್ನನ್ನು ನೋಡಿದರು.

ಆ ನೋಟವನ್ನು ಇವತ್ತಿಗೂ ಅಳತೆ ಹಿಡಿದು ಬಿಡಿಸಬಲ್ಲೆ. ಹೆದರಿಕೆ ಏನೂ ಇರಲಿಲ್ಲ. ನೀರು ಬಿಸಿ ಇದೆ, ಏನು ಮಾಡಲಿ ಅಂತ ಸರಳವಾದ ಪ್ರಶ್ನೆ. ಮೂಲೆಯಲ್ಲಿ ಕುಡಿಯುವ ನೀರಿನ ಕ್ಯಾನು ಇತ್ತು, ತಣ್ಣೀರಿನ ನಲ್ಲಿ ಇದ್ದದ್ದು. ಅವರ ಕಣ್ಣು ಒಂದು ಸಲ ಅತ್ತ ಹೋಗಿ ಬಂತು. ಹದಿನೇಳು ಹೆಜ್ಜೆಗಳಲ್ಲಿ ಕ್ಯಾನಿನ ಕಡೆಗೆ ಹೋಗುವ ಹೆಜ್ಜೆ ಇರಲಿಲ್ಲ. ನಾನು ಬಾಯಿ ತೆರೆದುಕೊಂಡೇ ತಲೆ ಅಡ್ಡಡ್ಡ ಆಡಿಸಿದೆ.

ಬೇಡ.

ಅವರು ಪುಡಿ ಹಾಕಿ ತಿರುವಿದರು. ಆ ತಿರುವು ಅದ್ಭುತವಾಗಿತ್ತು, ಒಂದೂ ಗಂಟಿಲ್ಲ. ಟ್ರೇಗೆ ತುಂಬಲು ಚಾಕುವಿನಿಂದ ಎತ್ತಿದಾಗ ಅದು ಬರಲಿಲ್ಲ. ಬಟ್ಟಲಲ್ಲೇ ಕಚ್ಚಿಕೊಂಡಿತ್ತು. ಅವರು ಬಟ್ಟಲಿನ ತಳವನ್ನು ಹೆಬ್ಬೆರಳಿನಿಂದ ಒತ್ತಿದರು. ಗುಲಾಬಿ ಬಣ್ಣದ, ದುಂಡನೆಯ, ನುಣುಪಾದ ಒಂದು ಮುದ್ದೆ ಇಡಿಯಾಗಿ ಹೊರಬಂದು ಅವರ ಅಂಗೈಯಲ್ಲಿ ಕೂತಿತು.

ಪರೀಕ್ಷಕರು ಕೆಟ್ಟವರಲ್ಲ. "ಪರ್ವಾಗಿಲ್ಲಮ್ಮ, ಹೊಸದಾಗಿ ಕಲೀತಿದ್ದೀರಿ ಅನ್ಸುತ್ತೆ. ನೆಕ್ಸ್ಟ್ ಬ್ಯಾಚಲ್ಲಿ ಟ್ರೈ ಮಾಡಿ" ಅಂದರು. ಮುಂದಿನ ಬ್ಯಾಚಿಗೆ ಆರು ತಿಂಗಳಿತ್ತು. ಕಂಪನಿಯ ಗಡುವಿಗೆ ಒಂಬತ್ತು ದಿನ. ನಾನು ಎದ್ದು ಕೂತು, ಸಾರ್, ನಿಮ್ಮ ನೀರು ಬಿಸಿ ಇದೆ, ಈ ಹೆಂಗಸಿಗೆ ಅದು ಗೊತ್ತಾಯಿತು, ಬೇಡ ಅಂದವನು ನಾನು, ಅಂತ ಹೇಳಬಹುದಿತ್ತು. ಬಾಯಿ ಹೇಗೂ ತೆರೆದೇ ಇತ್ತು. ರೋಗಿ ಮಾತಾಡುವಂತಿಲ್ಲ ಎಂಬ ನಿಯಮವನ್ನು ನಾನು ಆ ದಿನ ಅಕ್ಷರಶಃ ಪಾಲಿಸಿದೆ.

ವಾಪಸು ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು, ಬ್ಯಾಟರಾಯನಪುರ ದಾಟಿತು.

"ನೀರು ಬಿಸಿ ಇತ್ತು" ಅಂದರು, ಕಿಟಕಿಯ ಆಚೆ ನೋಡುತ್ತ.

"ಗೊತ್ತಾಯ್ತು ಸಿಸ್ಟರಮ್ಮ. ಆದ್ರೆ ರೂಲ್ಸು..."

"ನಾನು ತಮಾಷೆಗೆ ಮೇಷ್ಟ್ರೇ ಅಂತಿದ್ದೆ. ನೀವು ನಿಜ ಅನ್ಕೊಂಡ್ಬಿಟ್ರಿ."

ಆಮೇಲೆ ಅವರು ನನ್ನನ್ನು ಹಾಗೆ ಕರೆಯಲಿಲ್ಲ.

ಕಂಪನಿಯವರು ಮಾತಿಗೆ ತಪ್ಪುವವರಲ್ಲ, ಇಬ್ಬರನ್ನೂ ಮುಂದುವರಿಸಿದರು. ನನಗೆ ನೀಲಿ ಸಮವಸ್ತ್ರ, ಚೇರಿನ ಪಕ್ಕದ ಜಾಗ. ಅವರಿಗೆ ಬೂದು ಸಮವಸ್ತ್ರ, ಪೊರಕೆ. ಬಿಳಿ ಕೋಟನ್ನು ಒಗೆದು ಇಸ್ತ್ರಿ ಮಾಡಿಸಿ, ಸೇಫ್ಟಿ ಪಿನ್ನುಗಳನ್ನು ತೆಗೆದು, ಯಾರೂ ಕೇಳದಿದ್ದರೂ ತಂದು ಒಪ್ಪಿಸಿದರು. ಹಳೇ ರೋಗಿಗಳು ಬಂದು "ಸಿಸ್ಟರಮ್ಮ, ನೀವೇ ಬನ್ನಿ" ಅಂತ ಕರೆದರೆ "ಈಗ ಸಾರ್ ನೋಡ್ಕೋತಾರೆ" ಅನ್ನುತ್ತಿದ್ದರು. ಸಾರ್ ಅಂದರೆ ನಾನು. ನನ್ನ ಕೈಯಲ್ಲಿ ಉಪಕರಣ ತಿರುಗುಮುರುಗಾಗಿ ಹೋಗಿ ಹೊಸ ಡಾಕ್ಟರು ರೇಗುವಾಗ, ಅವರು ಪರದೆಯ ಆಚೆ ನೆಲ ಒರೆಸುತ್ತಿರುತ್ತಿದ್ದರು. ಒರೆಸುವ ಸದ್ದು ಒಂದು ಕ್ಷಣ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ಆದರೂ ಪ್ರತಿದಿನ ಬೆಳಗ್ಗೆ ನಾನು ಬರುವಷ್ಟರಲ್ಲಿ ಕಲಸುವ ಜಾಗದ ಪಕ್ಕ ಒಂದು ಸ್ಟೀಲ್ ಚೊಂಬು ಇರುತ್ತಿತ್ತು, ಮೇಲೆ ತಟ್ಟೆ ಮುಚ್ಚಿ. ಮಡಕೆ ನೀರು. ಮೊದಲ ದಿನ ನಾನು ಥ್ಯಾಂಕ್ಸ್ ಹೇಳಲು ಹೋದೆ.

"ನಿಮಗಲ್ಲ ಸಾರ್. ಬಾಯ್ ತಕ್ಕೊಂಡು ಕೂತಿರ್ತಾರಲ್ಲ, ಅವ್ರಿಗೆ."

ಎರಡೂವರೆ ತಿಂಗಳು ಆ ಚೊಂಬಿನ ನೀರಲ್ಲಿ ನಾನು ಒಳ್ಳೆಯ ಕೆಲಸಗಾರ ಅನ್ನಿಸಿಕೊಂಡೆ. ಆಮೇಲೆ ತಪಾಸಣೆಗೆ ಬಂದ ಕಂಪನಿಯ ಅಧಿಕಾರಿಯೊಬ್ಬರು ಹಿಂಬದಿಯಲ್ಲಿ ಮಡಕೆ ಕಂಡರು. ಸೊಳ್ಳೆ, ಶುಚಿತ್ವ, ರೋಗಾಣು ಎಂದು ಸಣ್ಣ ಉಪನ್ಯಾಸ ಆಯಿತು. ಇದು ಯಾತಕ್ಕೆ ಅಂತ ನನ್ನನ್ನೇ ಕೇಳಿದರು. ನಾನು ಪ್ರಮಾಣಪತ್ರ ಇದ್ದವನು. ಹೇಳುವುದಕ್ಕೆ ಎರಡನೇ ಅವಕಾಶ ಬಂದಿತ್ತು. "ಹಳೇ ಅಭ್ಯಾಸ ಸಾರ್" ಅಂದೆ. ಸಿಸ್ಟರಮ್ಮ ಅಲ್ಲೇ ನಿಂತಿದ್ದರು. ಮಡಕೆಯನ್ನು ತಾವೇ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಮೆಟ್ಟಿಲಿಳಿದು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ... ಮನೆ ನಡೆದು ಹೋದರೆ ಆರು ನಿಮಿಷ. ನಾನು ಹೋಗಲಿಲ್ಲ. ಈ ಭಾನುವಾರ, ಮುಂದಿನ ಭಾನುವಾರ ಅಂದುಕೊಳ್ಳುತ್ತ ಹನ್ನೊಂದು ವರ್ಷದ ಭಾನುವಾರಗಳನ್ನು ಕಳೆದೆ. ಈ ನಡುವೆ ನಾನು ಕ್ಲಿನಿಕ್ಕು ಬಿಟ್ಟು, ಕಲಿತ ಸಂಸ್ಥೆಯಲ್ಲೇ ಕಲಿಸುವವನಾದೆ. ಈಗ ಎಲ್ಲರೂ ನನ್ನನ್ನು ಮೇಷ್ಟ್ರು ಅಂತಲೇ ತಿಳಿದಿದ್ದಾರೆ, ಯಾರಿಗೂ ತಮಾಷೆ ಗೊತ್ತಿಲ್ಲ.

ಮೊನ್ನೆಯ ಆ ಪುಡಿಯ ವಾಸನೆ ಮೂಗಿನಿಂದ ಹೋಗಲಿಲ್ಲ. ಕೊನೆಗೂ ನಿನ್ನೆ ಕೊಡಿಗೇಹಳ್ಳಿಗೆ ಹೋದೆ. ಅವರ ಮನೆಯಿದ್ದ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ, ಕೆಳಗೆ ಒಂದು ಟೈಲರ್ ಅಂಗಡಿ. ಬ್ಲೌಸಿಗೆ ಕೊಕ್ಕೆ ಹಾಕುತ್ತ ಕೂತಿದ್ದ ಹೆಂಗಸನ್ನು ಕೇಳಿದೆ, ಇಲ್ಲಿ ಸಿಸ್ಟರಮ್ಮ ಅಂತ ಇದ್ದರಲ್ಲ ಅಂತ.

"ನಮ್ ದೊಡ್ಡಮ್ಮ. ಹೋದ್ವರ್ಷ ಯುಗಾದಿ ಮುಂಚೆ ತೀರ್ಕೊಂಡ್ರು." ದಾರ ಹಲ್ಲಿನಲ್ಲಿ ಕಡಿದು ತಲೆಯೆತ್ತಿದಳು. "ನೀವ್ ಯಾರಾಗ್ಬೇಕು?"

ಶಿಷ್ಯ ಅನ್ನಬಹುದಿತ್ತು. ಆದರೆ ಶಿಷ್ಯ ಗುರುವನ್ನು ಫೇಲು ಮಾಡಿಸುವುದಿಲ್ಲ. ಜೊತೆ ಕೆಲಸದವನು ಅನ್ನಬಹುದಿತ್ತು, ಆದರೆ ಅವರ ಕೆಲಸವನ್ನೇ ನಾನು ಮಾಡುತ್ತಿದ್ದೆ. ಮೇಷ್ಟ್ರು ಅನ್ನುವ ಮಾತಂತೂ ನಾಲಿಗೆಯ ಹತ್ತಿರವೂ ಸುಳಿಯಲಿಲ್ಲ. ಪರೀಕ್ಷೆಯ ದಾಖಲೆಯ ಪ್ರಕಾರ ನಾನು ಅವರಿಗೆ ಏನಾಗಿದ್ದೆ ಅಂತ ಯೋಚಿಸಿದರೆ ಒಂದೇ ಒಂದು ಉಳಿಯಿತು.

"ಪೇಷೆಂಟು" ಅಂದೆ.

ಅವಳ ಮುಖ ಅರಳಿತು. "ಅಯ್ಯೋ, ಎಷ್ಟ್ ಜನ ಬರ್ತಾರೆ ಗೊತ್ತಾ ಹಿಂಗೇ ಕೇಳ್ಕೊಂಡು! ಹಲ್ಲು ಸರಿಹೋಯ್ತಾ ಸಾರ್?"

"ಹಲ್ಲಿಗೆ ಏನೂ ಆಗಿರ್ಲಿಲ್ಲಮ್ಮ" ಅಂದೆ.